ಕೇಳಿ ಕೊಡುವ ಉಡುಗೊರೆ

ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಿಂದ ಮನೆಗೆ ಬಂದ ಕದಿರನ್ನು ಎಲ್ಲೆಲ್ಲಿ ಕಟ್ಟುತ್ತಾರೆ ಎಂಬುದನ್ನು ನೋಡಬೇಕು. ಕೊಡಗಿನ ಮನೆಗಳು ತಮ್ಮ ಕೃತಜ್ಞತೆಯನ್ನು ಹೇಗೆ ಹೇಳಿಕೊಳ್ಳುತ್ತವೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಮನೆತನದ ಮೂಲಮನೆಯಾದ ಐನ್ ಮನೆಯ ನಡುಕೋಣೆಯಲ್ಲಿ, ಅಂದರೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಉರಿಯುವ ತೂಗುದೀಪಕ್ಕೆ ಕಟ್ಟುತ್ತಾರೆ. ಬಾಗಿಲಿಗೆ, ಕಂಬಕ್ಕೆ, ಭತ್ತದ ಕಣಜಕ್ಕೆ, ಬಾವಿಕಟ್ಟೆಗೆ, ಕೊಟ್ಟಿಗೆಗೆ ಕಟ್ಟುತ್ತಾರೆ. ನೇಗಿಲಿದ್ದ ಕಾಲದಲ್ಲಿ ನೇಗಿಲಿಗೂ ಒಂದು ತೆನೆ ಇತ್ತು. ಈಗ ಜೀಪಿಗೆ, ಪಂಪ್‌ಸೆಟ್ಟಿಗೆ, ಕಾಫಿ ಪಲ್ಪರಿಗೆ ಕಟ್ಟುವವರಿದ್ದಾರೆ. ವರ್ಷವಿಡೀ ನಮಗಾಗಿ ದುಡಿದದ್ದು ಯಾವುದು ಎಂದು ಮನೆಯವರು ನೆನಪು ಮಾಡಿಕೊಳ್ಳುತ್ತ ಹೋಗಿ, ನೆನಪಾದ ಕಡೆಯಲ್ಲೆಲ್ಲ ಒಂದೊಂದು ತೆನೆ ಸಿಕ್ಕಿಸಿ ಬರುತ್ತಾರೆ. ತೆನೆಗೆ ಬೆಲೆಯೇನೂ ಇಲ್ಲ, ನೆನಪಿಗೆ ಇದೆ.

ಹೊರಗಿನವರು ಹುತ್ತರಿ ಎಂದರೆ ಕೋಲಾಟ, ಬಂದೂಕಿನ ಸದ್ದು, ಬಿಳಿ ಕರಿ ಕುಪ್ಯ ತೊಟ್ಟವರ ಸಾಲು ಎಂದುಕೊಳ್ಳುತ್ತಾರೆ. ಒಳಗಿನಿಂದ ನೋಡಿದರೆ ಅದು ಮನೆಯ ಹಬ್ಬ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗುತ್ತದೆ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಹುಣ್ಣಿಮೆಯ ಆಸುಪಾಸಿನ ರೋಹಿಣಿ ನಕ್ಷತ್ರದ ರಾತ್ರಿ. ನೆರೆ ಎಂಬ ಎಲೆಗಳ ಕಟ್ಟು ಕಟ್ಟಲು ಒಂದು ಹೊತ್ತು, ಕದಿರು ತೆಗೆಯಲು ಒಂದು ಹೊತ್ತು, ಊಟಕ್ಕೆ ಒಂದು ಹೊತ್ತು. ಗದ್ದೆಯಲ್ಲಿ ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ತೆನೆ ಕೊಯ್ದು ತರುತ್ತಾರೆ. ಕದಿರು ಹೊತ್ತು ಬಂದವನ ಕಾಲಿಗೆ ನೀರು ಕೊಟ್ಟು, ಹಾಲು ಕೊಟ್ಟು ಮನೆಯ ಹೆಣ್ಣುಮಕ್ಕಳು ಒಳಗೆ ಕರೆದುಕೊಳ್ಳುತ್ತಾರೆ. ಹೊಸ ಅಕ್ಕಿಯ ಪಾಯಸ, ಬಾಳೆಹಣ್ಣು ಹಾಕಿ ಕಲಸಿದ ತಂಬಿಟ್ಟು, ಹುತ್ತರಿ ಗೆಣಸು. ಮುಂದಿನ ದಿನಗಳಲ್ಲಿ ದುಡಿ ಹಿಡಿದ ನಾಲ್ವರು ಹಾಡುಗಾರರು ಮನೆ ಮನೆಗೆ ಬಂದು ಆ ಮನೆಯ ಒಳ್ಳೆಯದನ್ನು ಹಾಡಿ ಹೇಳುತ್ತಾರೆ, ಮನೆಯವರು ಊಟ, ಹಣ ಕೊಟ್ಟು ಕಳಿಸುತ್ತಾರೆ.

ಇಷ್ಟೆಲ್ಲ ಸೂಕ್ಷ್ಮವಾಗಿ ನೆನಪಿಟ್ಟುಕೊಳ್ಳುವ ಮನೆಯಲ್ಲಿ ಒಂದು ವಿಷಯ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಪಂಪ್‌ಸೆಟ್ಟಿಗೂ ತೆನೆ ಕಟ್ಟುವ ನಾವು, ಆ ರಾತ್ರಿಯ ಅಡುಗೆ ಮಾಡಿದವಳಿಗೆ ಏನು ಹೇಳುತ್ತೇವೆ? ಬೆಳಗಿನಿಂದ ಒಲೆ ಮುಂದೆ ನಿಂತು, ಎಲ್ಲರೂ ಗದ್ದೆಗೆ ಹೋದಾಗ ಮನೆಯಲ್ಲೇ ಉಳಿದು, ಬಂದವರಿಗೆ ಹಾಲು ಕೊಟ್ಟವಳಿಗೆ? ಹೆಚ್ಚಿನ ಮನೆಗಳಲ್ಲಿ ಉತ್ತರ, ಏನೂ ಇಲ್ಲ. ‘ಮನೆಯವರಿಗೆ ಎಂಥ ಥ್ಯಾಂಕ್ಸ್’ ಎಂಬ ಮಾತು ನಮ್ಮಲ್ಲಿ ಪ್ರೀತಿಯ ಗುರುತು ಎಂದೇ ನಡೆದುಬಂದಿದೆ. ಮನೆಯವರೊಳಗೆ ಲೆಕ್ಕ ಇರಬಾರದು ಎಂಬ ಒಳ್ಳೆಯ ಭಾವನೆ ಅದರ ಹಿಂದಿದೆ, ನಿಜ. ಆದರೆ ಲೆಕ್ಕ ಇಡದಿರುವುದು ಬೇರೆ, ಕಾಣದಿರುವುದು ಬೇರೆ.

ಕೊಡುವುದರ ವಿಷಯಕ್ಕೆ ಬಂದರೆ ಕೊಡಗಿನ ಹಳೆಯ ರೂಢಿ ತುಂಬ ಮಿತವಾದದ್ದು. ಕೊಡವ ಮದುವೆಯ ಮುಹೂರ್ತದಲ್ಲಿ ಹಿರಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಮಂಡಿ, ಭುಜ, ತಲೆಯ ಮೇಲೆ ಅಕ್ಕಿ ಹಾಕುತ್ತಾರೆ, ಕಿಂಡಿಯಿಂದ ಒಂದು ಗುಟುಕು ಹಾಲು ಕುಡಿಸುತ್ತಾರೆ, ಕೈಗೆ ನಾಣ್ಯವನ್ನೋ ನೋಟನ್ನೋ ಇಟ್ಟು ಹರಸುತ್ತಾರೆ. ಮೊದಲು ತಾಯಿ. ಪುರೋಹಿತರಿಲ್ಲ, ವರದಕ್ಷಿಣೆಯ ರೂಢಿ ಇಲ್ಲ. ಅಂಗೈಯಿಂದ ಅಂಗೈಗೆ ಹೋದ ಹಣ ಎಷ್ಟೆಂದು ಪಕ್ಕದಲ್ಲಿ ನಿಂತವರಿಗೂ ಕಾಣುವುದಿಲ್ಲ. ತೋಟದ ಒಡೆಯ ಕೊಟ್ಟದ್ದೂ ಬಡ ನೆಂಟ ಕೊಟ್ಟದ್ದೂ ಒಂದೇ ಮುಷ್ಟಿಯೊಳಗೆ ಸೇರುತ್ತದೆ. ಈ ಕ್ರಮವನ್ನು ಯಾರು ಯೋಚಿಸಿ ಮಾಡಿದರೋ, ಬಡವನ ಮಾನವನ್ನು ಕಾಪಾಡಬೇಕೆಂಬುದು ಅವರ ಮನಸ್ಸಿನಲ್ಲಿತ್ತು ಎಂದೇ ನಾನು ನಂಬುತ್ತೇನೆ. ಅಕ್ಕಿ, ಹಾಲು, ಮುಟ್ಟುವ ಕೈ: ಮುಖ್ಯವಾದದ್ದು ಹತ್ತಿರ ಹೋಗಿ ನಿಲ್ಲುವುದು.

ಈಗಿನ ಆರತಕ್ಷತೆಯಲ್ಲಿ ಅದೇ ಹಾರೈಕೆ ಒಂದು ಫೋಟೋಗೆ ಇಳಿದಿದೆ. ಸಾಲಿನಲ್ಲಿ ನಿಂತು, ಮೇಲೆ ಹತ್ತಿ, ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಯನ್ನು ಮದುಮಗಳಿಗೆ ದಾಟಿಸುತ್ತೇವೆ. ಆಕೆ ಅದನ್ನು ಹಿಂದಿದ್ದ ತಂಗಿಗೆ ದಾಟಿಸುತ್ತಾಳೆ. ಆ ಪೆಟ್ಟಿಗೆ ಮುಂದೆ ಇನ್ಯಾರದೋ ಮದುವೆಗೆ ದಾಟುತ್ತದೆ. ಗೋಡೆ ಗಡಿಯಾರ, ಊಟದ ಸೆಟ್ಟು, ಗಾಜಿನ ನವಿಲು ಒಂದು ಮನೆಯ ಅಟ್ಟದಿಂದ ಇನ್ನೊಂದು ಮನೆಯ ಅಟ್ಟಕ್ಕೆ ಪ್ರಯಾಣ ಮಾಡುತ್ತಲೇ ಇರುತ್ತವೆ. ‘ಆಶೀರ್ವಾದವೇ ಉಡುಗೊರೆ’ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸುವವರು ಹೆಚ್ಚುತ್ತಿರುವುದು ನನಗೆ ಸಮಾಧಾನದ ಸಂಗತಿ. ಸಭೆ ಸಮಾರಂಭಗಳ ಹಾರ ತುರಾಯಿಗೂ ಇದೇ ಕಥೆ. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೂವು, ಶಾಲು ತೆಗೆದುಕೊಳ್ಳುವುದಿಲ್ಲ, ಕೊಡುವುದಾದರೆ ಪುಸ್ತಕ ಕೊಡಿ ಎಂದು ಹೇಳಿದ್ದರು. ತನಗೆ ಏನು ಬೇಕು ಎಂದು ತೆಗೆದುಕೊಳ್ಳುವವರು ಬಾಯಿ ಬಿಟ್ಟು ಹೇಳಿದರೆ ಕೊಡುವವರ ಕೆಲಸ ಎಷ್ಟು ಹಗುರವಾಗುತ್ತದೆ ನೋಡಿ.

ಹಾಗೆ ಹೇಳುವುದನ್ನು ನಾವು ಅಸಭ್ಯ ಎಂದುಕೊಳ್ಳುತ್ತೇವೆ. ಕೇಳುವುದನ್ನಂತೂ ಇನ್ನೂ ಹೆಚ್ಚು. ‘ನಿನಗೇನು ಬೇಕು’ ಎಂದು ಕೇಳಿಬಿಟ್ಟರೆ ಪ್ರೀತಿ ಕಡಿಮೆಯಾಯಿತು, ಕೇಳದೆಯೇ ತಿಳಿಯಬೇಕಿತ್ತು ಎಂಬ ನಂಬಿಕೆ. 2011ರಲ್ಲಿ ಫ್ರಾನ್ಚೆಸ್ಕಾ ಜಿನೊ ಮತ್ತು ಫ್ರಾನ್ಸಿಸ್ ಫ್ಲಿನ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷಿಸಿ ನೋಡಿದರು. ಕೇಳಿದ್ದನ್ನು ಕೊಟ್ಟಾಗ ಬರುವಷ್ಟೇ ಮೆಚ್ಚುಗೆ ತಾವೇ ಯೋಚಿಸಿ ಆರಿಸಿದ ಉಡುಗೊರೆಗೂ ಬರುತ್ತದೆ ಎಂದು ಕೊಡುವವರು ಎಣಿಸಿದ್ದರು. ಪಡೆದವರು ಹೆಚ್ಚು ಮೆಚ್ಚಿದ್ದು ತಾವು ಬೇಕೆಂದು ಹೇಳಿದ್ದನ್ನೇ. ಹೇಳಿದ್ದನ್ನು ಕೇಳಿಸಿಕೊಂಡರಲ್ಲ ಎಂಬುದೇ ಅವರಿಗೆ ಕಾಳಜಿಯಾಗಿ ಕಂಡಿತ್ತು.

ಕೇಳದೆಯೇ ತಿಳಿಯುವ ಕಲೆ ಇಲ್ಲವೆಂದಲ್ಲ. ಅದು ಬರುವುದು ಅಕ್ಕಪಕ್ಕದಲ್ಲಿ ಬದುಕಿದವರಿಗೆ. ಕೊಡಗಿನಲ್ಲಿ ಅದಕ್ಕೆ ಒಂದು ಪಂಚಾಂಗವೇ ಇದೆ. ಮೇ ತಿಂಗಳಲ್ಲಿ ಕಾಡುಮಾವು ಬಿದ್ದಾಗ ಒಂದು ಚೀಲ ಪಕ್ಕದ ಮನೆಗೆ ಹೋಗುತ್ತದೆ. ಮಳೆ ಹಿಡಿದು ಕುಮ್ಮು ಎದ್ದರೆ ಅಂದೇ ಕಿತ್ತು ಅಂದೇ ತಲುಪಿಸಬೇಕು, ಮರುದಿನಕ್ಕೆ ಆ ಅಣಬೆ ಅಣಬೆಯಾಗಿ ಉಳಿಯುವುದಿಲ್ಲ. ಎಳೆ ಕಳಲೆ, ಕಾಳುಮೆಣಸು, ಜೇನು, ಹುಳಿ ಹಣ್ಣಿನ ರಸ ಬೇಯಿಸಿ ಬತ್ತಿಸಿ ಕಪ್ಪಾಗಿಸಿದ ಕಾಚಂಪುಳಿಯ ಸೀಸೆ. ಕಾಚಂಪುಳಿ ಇಲ್ಲದೆ ಪಂದಿಕರಿ ಇಲ್ಲ, ಹಾಗಾಗಿ ದೂರದ ಊರಿನ ಮಗಳ ಅಡುಗೆಮನೆಯಲ್ಲಿ ಸೀಸೆ ತಳ ಕಂಡಿರಬೇಕು ಎಂದು ತಾಯಿಗೆ ಅಂದಾಜಿರುತ್ತದೆ.

ಇವುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಮದ್ದುಸೊಪ್ಪು. ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂಬುದು ನಂಬಿಕೆ. ಎಲೆ ಕುದಿಸಿದರೆ ನೀರು ಗಾಢ ನೇರಳೆಯಾಗುತ್ತದೆ, ಅದರಲ್ಲಿ ಅಕ್ಕಿ ಬೇಯಿಸಿ ಪಾಯಸ ಮಾಡುತ್ತಾರೆ. ಬೇಲಿ ಬದಿಯಲ್ಲಿ ತಾನಾಗಿ ಬೆಳೆಯುವ ಗಿಡ, ಊರಿನಲ್ಲಿ ಯಾರೂ ಅದಕ್ಕೆ ಹಣ ಕೊಡುವುದಿಲ್ಲ. ಆದರೆ ಆ ವಾರ ಮೈಸೂರು, ಬೆಂಗಳೂರಿಗೆ ಹೋಗುವ ಬಸ್ಸುಗಳಲ್ಲಿ ಅದರ ಕಟ್ಟುಗಳು ಹೋಗುತ್ತವೆ. ಬಾಳೆ ಎಲೆಯಲ್ಲೋ ಕಾಗದದಲ್ಲೋ ಸುತ್ತಿ, ಮೇಲೆ ಹೆಸರು, ಫೋನ್ ನಂಬರು ಬರೆದು, ಪರಿಚಯದ ಕಂಡಕ್ಟರ ಕೈಗೆ ಕೊಟ್ಟ ಕಟ್ಟು. ಮಳೆಯಲ್ಲಿ ನೆನೆದು ಗಿಡ ಕಡಿದವರು ಯಾರು, ಬಸ್ಸಿಗೆ ಕಾದವರು ಯಾರು ಎಂಬುದು ಪಡೆದವರಿಗೆ ಗೊತ್ತು. ಅಲ್ಲಿ ನಗರದಲ್ಲಿ ಅದು ಒಂದೇ ಮನೆಯಲ್ಲಿ ಉಳಿಯುವುದೂ ಇಲ್ಲ. ಊರಿನಿಂದ ಕಳಿಸುವವರಿಲ್ಲದ ಇನ್ನೊಂದು ಮನೆಗೆ ಅರ್ಧ ಕಟ್ಟು ಹೋಗುತ್ತದೆ. ಹುತ್ತರಿ ಕದಿರೂ ಹಾಗೆಯೇ. ಗದ್ದೆ ಪಾಳು ಬಿಟ್ಟವರಿಗೆ, ಗದ್ದೆಯೇ ಇಲ್ಲದವರಿಗೆ ನೆರೆಮನೆಯ ಗದ್ದೆಯಿಂದ ತೆನೆ ಬರುತ್ತದೆ. ಕೊಡುವವನಿಗೆ ನಾಲ್ಕು ತೆನೆ ಕಡಿಮೆಯಾಗುವುದರಿಂದ ಏನೂ ಆಗದು, ಪಡೆದವನ ಮನೆಯಲ್ಲಿ ಹಬ್ಬ ತಪ್ಪುವುದಿಲ್ಲ.

ಪಡೆಯುವುದೂ ಒಂದು ವಿದ್ಯೆ. ಅದನ್ನು ಕೊಡಗು ಕಠಿಣವಾಗಿ ಕಲಿತದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದು ಮನೆ, ತೋಟ, ಗದ್ದೆ ಮುಚ್ಚಿಹೋದವು. ಹಿಂದಿನ ವಾರದವರೆಗೆ ಬಂದವರಿಗೆಲ್ಲ ಊಟ ಹಾಕಿ ಕಳಿಸುತ್ತಿದ್ದ ಮನೆಯವರು ಪರಿಹಾರ ಶಿಬಿರದಲ್ಲಿ ತಟ್ಟೆ ಹಿಡಿದು ನಿಲ್ಲಬೇಕಾಯಿತು. ಇಡೀ ರಾಜ್ಯದಿಂದ ಲಾರಿ ಲಾರಿ ಸಾಮಾನು ಬಂತು, ಆ ಔದಾರ್ಯವನ್ನು ಈ ಜಿಲ್ಲೆ ಮರೆಯಬಾರದು. ಜೊತೆಗೆ ಇನ್ನೊಂದನ್ನೂ ಹೇಳಬೇಕು. ಎಲ್ಲಿ ನೆರೆ ಬಂದರೂ ಅಲ್ಲಿಗೆ ಹಳೆ ಬಟ್ಟೆಯ ಮೂಟೆಗಳು ಬಂದು ಬೀಳುತ್ತವೆ. ಕೊಟ್ಟವರ ಬೀರು ಖಾಲಿಯಾಗುತ್ತದೆ, ಪಡೆದವರ ತಲೆನೋವು ತುಂಬುತ್ತದೆ. ಸಂಕಟದಲ್ಲಿರುವವರಿಗೆ ಕೊಡುವ ಮೊದಲು ಒಂದು ಫೋನ್ ಮಾಡಿ ‘ಇವತ್ತು ಅಲ್ಲಿ ಏನು ಇಲ್ಲ’ ಎಂದು ಕೇಳುವವರೇ ನಿಜವಾಗಿ ನೆರವಾಗುವವರು. ಕನ್ನಡಕ, ಸಕ್ಕರೆ ಕಾಯಿಲೆಯ ಮಾತ್ರೆ, ಸ್ಯಾನಿಟರಿ ಪ್ಯಾಡು, ಮಗುವಿನ ಶಾಲೆಯ ದಾಖಲೆ ಹೋದರೆ ಯಾವ ಕಚೇರಿಗೆ ಹೋಗಬೇಕೆಂಬ ಮಾಹಿತಿ, ಇಂಥವು ಕೇಳದೆ ತಿಳಿಯುವುದಿಲ್ಲ.

ಫ್ರಾನ್ಸಿನ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೊಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕೊಡುಗೆಗೆ ಮೂರು ಕಟ್ಟುಪಾಡುಗಳನ್ನು ಗುರುತಿಸಿದ್ದ: ಕೊಡಬೇಕು, ತೆಗೆದುಕೊಳ್ಳಬೇಕು, ಹಿಂದಿರುಗಿಸಬೇಕು. ನಮ್ಮ ಹಳ್ಳಿಗಳ ಮುಯ್ಯಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಪಕ್ಕದ ಮನೆಯ ಪಾತ್ರೆ ಖಾಲಿ ಹಿಂದಿರುಗಬಾರದು ಎಂದು ನಾಲ್ಕು ಬಾಳೆಹಣ್ಣು ಇಟ್ಟು ಕಳಿಸುವ ಅಜ್ಜಿಗೆ ಮೂರೂ ಗೊತ್ತು. ನಡುವಿನದು ಮಾತ್ರ ಸ್ವಾಭಿಮಾನಿಗಳಿಗೆ ಕಷ್ಟ. ‘ಅಯ್ಯೋ, ಇದೆಲ್ಲ ಯಾಕೆ ತಂದಿರಿ’ ಎಂದು ನಾವು ಮರ್ಯಾದೆಗಾಗಿ ಹೇಳುವ ಮಾತು ಎಷ್ಟೋ ಸಲ ತಂದವರ ಉತ್ಸಾಹವನ್ನು ಬಾಗಿಲಲ್ಲೇ ಕುಗ್ಗಿಸುತ್ತದೆ. ತಂದದ್ದನ್ನು ಅವರೆದುರೇ ಬಿಚ್ಚಿ, ಬಾಯಿಗೆ ಹಾಕಿಕೊಂಡು, ಯಾರು ಮಾಡಿದ್ದು ಎಂದು ವಿಚಾರಿಸುವುದರಲ್ಲಿ ಹೆಚ್ಚು ಗೌರವವಿದೆ.

ಈಗ ಹೇಳಲೇಬೇಕಾದ ಮತ್ತೊಂದು ಮಾತು, ತೋಟದ ಆಳುಗಳದ್ದು, ಮನೆಗೆಲಸದವರದ್ದು. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳ ನಾಲ್ಕನೇ ಗುರುವಾರ ಕುಂಡೆ ಹಬ್ಬ ನಡೆಯುತ್ತದೆ. ತೋಟಗಳಲ್ಲಿ ದುಡಿಯುವ ಯರವ, ಕುರುಬ ಬುಡಕಟ್ಟಿನವರು ವೇಷ ಹಾಕಿ, ಡೋಲು ಬಡಿದು, ದೇವರನ್ನೂ ಧಣಿಗಳನ್ನೂ ದಾರಿಯಲ್ಲಿ ಹೋಗುವವರನ್ನೂ ಬೈದು ಹಾಡುತ್ತ ಹಣ ಕೇಳುತ್ತಾರೆ. ವರ್ಷವಿಡೀ ತಲೆ ತಗ್ಗಿಸಿದವರು ಅಂದು ತಲೆ ಎತ್ತಿ ಕೇಳುತ್ತಾರೆ, ಯಾರೂ ಸಿಟ್ಟಾಗುವಂತಿಲ್ಲ. ಪ್ರವಾಸಿಗರು ಇದನ್ನು ವಿನೋದವೆಂದು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ. ನನಗೆ ಅದು ಉಳಿದ ದಿನಗಳ ಬಗ್ಗೆ ಕೇಳಿದ ಪ್ರಶ್ನೆಯಂತೆ ಕಾಣುತ್ತದೆ. ಹಬ್ಬಕ್ಕೆ ಕೊಟ್ಟ ಹಳೆ ಸೀರೆಯನ್ನು, ಉಳಿದ ಸಿಹಿಯನ್ನು ಉಡುಗೊರೆಯೆಂದು ಎಣಿಸಿ ಮನಸ್ಸು ಹಗುರ ಮಾಡಿಕೊಳ್ಳುವುದು ಸುಲಭ. ಸರಿಯಾದ ಕೂಲಿ, ರಜೆ, ಕಾಯಿಲೆ ಬಿದ್ದಾಗ ಆಸ್ಪತ್ರೆ, ಇವು ಅವರ ಹಕ್ಕು. ದೊಡ್ಡ ತೋಟಗಳಲ್ಲಿ ಬೋನಸ್ ಎಂಬುದು 1965ರಿಂದಲೇ ಕಾನೂನಿನ ಮಾತು, ಧಣಿಯ ದಯೆಯದ್ದಲ್ಲ. ಹಕ್ಕನ್ನು ಕೊಟ್ಟು ಮುಗಿಸಿದ ಮೇಲೆ ಉಡುಗೊರೆಯ ಮಾತು ಶುರುವಾಗುತ್ತದೆ. ಆಗಲೂ ಅದೇ ನಿಯಮ: ಕೇಳಿ ಕೊಡಿ. ಸ್ವೆಟರು ಬೇಕೋ, ಮಗಳಿಗೆ ನೋಟ್‌ಬುಕ್ಕು ಬೇಕೋ, ಅರ್ಧ ದಿನ ಮೊದಲೇ ಮನೆಗೆ ಹೋಗುವುದು ಬೇಕೋ. ಮತ್ತು ಹೆಸರು ಹಿಡಿದು, ಮಾಡಿದ ಕೆಲಸವನ್ನು ಹೇಳಿ ಹೊಗಳಿ. ‘ಕಣದಲ್ಲಿ ಕಾಫಿ ಒಣಗುತ್ತಿದ್ದಾಗ ಮೋಡ ಕಂಡು ನೀವೇ ಮುಚ್ಚಿದಿರಿ, ಇಲ್ಲದಿದ್ದರೆ ಅಷ್ಟೂ ನೆನೆದುಹೋಗುತ್ತಿತ್ತು’ ಎಂಬ ಮಾತು ಒಟ್ಟಾರೆ ‘ಒಳ್ಳೆ ಕೆಲಸ’ ಎಂಬುದಕ್ಕಿಂತ ಎಷ್ಟೋ ಪಾಲು ಹೆಚ್ಚು ದಿನ ಉಳಿಯುತ್ತದೆ.

ಹೀಗೆ ಬಿಡಿಸಿ ಹೇಳುವುದಕ್ಕೆ ನಮಗೆ ಸಂಕೋಚ. ಎದುರಿನವರಿಗೆ ಮುಜುಗರವಾದೀತು, ನಾಟಕೀಯ ಎನಿಸೀತು, ಅವರಿಗೆ ಗೊತ್ತೇ ಇದೆಯಲ್ಲ ಎಂಬ ಮೂರು ನೆಪಗಳು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬದುಕಿನಲ್ಲಿ ಮುಖ್ಯರಾದ ಒಬ್ಬರಿಗೆ ಕೃತಜ್ಞತೆಯ ಪತ್ರ ಬರೆಯುವಂತೆ ಜನರಿಗೆ ಹೇಳಿದ್ದರು. ಬರೆದವರು ಓದುವವರ ಮುಜುಗರವನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸಿದ್ದರು, ಸಂತೋಷವನ್ನು ಇರುವುದಕ್ಕಿಂತ ಕಡಿಮೆಯೆಂದು ಎಣಿಸಿದ್ದರು. ಮಾತಿನ ಚೆಂದದ ಬಗ್ಗೆ ಬರೆದವರಿಗಿದ್ದ ಚಿಂತೆ ಓದಿದವರಿಗೆ ಅಷ್ಟಾಗಿ ಲೆಕ್ಕಕ್ಕೆ ಬಂದಿರಲಿಲ್ಲ. ಅವರಿಗೆ ಹೆಚ್ಚಾಗಿ ತಟ್ಟಿದ್ದು ಪತ್ರದ ಅಕ್ಕರೆ.

ಕೊಡಗಿನ ಆಚರಣೆಗಳಲ್ಲಿ ಹೇಳುವ ಕ್ರಮಗಳಿಗೆ ಕೊರತೆಯಿಲ್ಲ. ತುಲಾ ಸಂಕ್ರಮಣದ ಕಣಿ ಪೂಜೆಯಲ್ಲಿ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಇಟ್ಟು ಕಾವೇರಿಯಾಗಿಸಿ, ಅಕ್ಕಿ ಹಾಕಿ, ಕಾಣಿಕೆ ಇಟ್ಟು ಕೈಮುಗಿದ ಮೇಲೆ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಕೈಲ್ ಪೊಳ್ದಿನಲ್ಲಿ ನಾಟಿಯ ಕೆಲಸ ಮುಗಿಸಿದ ಸಲಕರಣೆಗಳನ್ನೂ ಕೋವಿ ಕತ್ತಿಗಳನ್ನೂ ತೊಳೆದು, ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಹುಲಿ ಕೊಂದವನನ್ನು ಮದುಮಗನಂತೆ ಕೂರಿಸಿ ಊರೆಲ್ಲ ಹರಸುತ್ತಿದ್ದ ನರಿ ಮಂಗಲ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಒಂದು ಕಾಲದಲ್ಲಿತ್ತು. ಹತ್ತು ಮಕ್ಕಳ ತಾಯಿಯನ್ನು ಕೂರಿಸಿ ಗೌರವಿಸುವ ಮಂಗಲವೂ ಇತ್ತು. ಹೆತ್ತು ಸಾಕುವುದು ಹುಲಿ ಹೊಡೆಯುವುದಕ್ಕೆ ಸಮನಾದ ಸಾಹಸ ಎಂದು ಒಪ್ಪಿಕೊಂಡಿದ್ದ ಸಮಾಜ ಇದು. ಮದುವೆಯಿಂದ ಸಾವಿನವರೆಗೆ ಪ್ರತಿ ಒಕ್ಕದ, ಅಂದರೆ ಮನೆತನದ, ಬೆನ್ನಿಗೆ ನಿಲ್ಲುವ ಅರುವ ಸಂಬಳಕ್ಕೆ ಬಂದವನಲ್ಲ, ಅವನಿಗೆ ಸಲ್ಲುವುದು ಮಾನ.

ಇಂದು ಆ ಮಾನ ಸಲ್ಲಬೇಕಾದವರು ಬೇರೆ ಇದ್ದಾರೆ, ಅವರಿಗೆ ಯಾವ ಮಂಗಲವೂ ಇಲ್ಲ. ಒಡಹುಟ್ಟಿದವರಲ್ಲಿ ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಹೊರದೇಶದಲ್ಲಿ, ಒಬ್ಬರು ಊರಿನಲ್ಲಿ. ಇಂಥ ಮನೆ ಕೊಡಗಿನಲ್ಲಿ ಯಾವ ರಸ್ತೆಯಲ್ಲಿ ಹೋದರೂ ಸಿಗುತ್ತದೆ. ಊರಿನಲ್ಲಿ ಉಳಿದ ಆ ಒಬ್ಬ ಮಗ, ಅವನ ಹೆಂಡತಿ, ಅಥವಾ ಮದುವೆಯಾಗದೆ ಉಳಿದ ಮಗಳು ತಂದೆಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾರೆ. ರಾತ್ರಿ ಆನೆ ನುಗ್ಗಿದ ಬೆಳಿಗ್ಗೆ ಮುರಿದ ಕಾಫಿ ಗಿಡ ಎಣಿಸುತ್ತಾರೆ. ಕರೆಂಟಿಲ್ಲದ ಜುಲೈ ರಾತ್ರಿಗಳನ್ನು ದಾಟಿಸುತ್ತಾರೆ, ಐನ್ ಮನೆಯ ದೀಪಕ್ಕೆ ಎಣ್ಣೆ ಹಾಕುತ್ತಾರೆ. ಹುತ್ತರಿಗೆ ಉಳಿದವರು ಕಾರು ತುಂಬ ಸಾಮಾನು ತುಂಬಿಕೊಂಡು ಬರುತ್ತಾರೆ. ಮಿಕ್ಸಿ, ಚೂಡಿದಾರು, ಡ್ರೈಫ್ರೂಟ್ ಪೆಟ್ಟಿಗೆ. ಪ್ರೀತಿಯಿಂದಲೇ ತರುತ್ತಾರೆ. ತಂದೆ ತಾಯಿಯ ಕಾಲು ಮುಟ್ಟುತ್ತಾರೆ, ಕದಿರು ಕಟ್ಟುತ್ತಾರೆ, ಊರ ಬಯಲಾದ ಮಂದ್‌ನಲ್ಲಿ ಕೋಲಾಟ ಆಡುತ್ತಾರೆ, ಭಾನುವಾರ ಮಧ್ಯಾಹ್ನ ಹೊರಡುತ್ತಾರೆ. ಅಷ್ಟೂ ದಿನ ಅಡುಗೆಮನೆಯಿಂದ ಹೊರಗೆ ಬರದವಳು ಗೇಟಿನವರೆಗೆ ಬಂದು, ಒಂದು ಚೀಲ ಕಿತ್ತಳೆ, ಕಾಫಿ ಪುಡಿ, ಕಾಚಂಪುಳಿ ಕಾರಿಗೆ ಇಟ್ಟು ಕಳಿಸುತ್ತಾಳೆ.

ಅವಳಿಗೆ ಏನು ಬೇಕು ಎಂದು ಯಾರಾದರೂ ಕೇಳಿದ್ದಾರೆಯೇ? ಕೇಳಿದರೆ ಮೊದಲ ಸಲ ‘ಏನೂ ಬೇಡ’ ಎನ್ನುತ್ತಾಳೆ. ಎರಡನೆಯ ಸಲ ಕೇಳಬೇಕು, ಅಡುಗೆಮನೆಯಲ್ಲಿ ಜೊತೆಗೆ ನಿಂತು, ಕಡುಬಿನ ಉಂಡೆ ಕಟ್ಟುತ್ತ ಕೇಳಬೇಕು. ಆಗ ಬರುವ ಉತ್ತರ ಬಹುಪಾಲು ಅಂಗಡಿಯಲ್ಲಿ ಸಿಗುವಂಥದ್ದಾಗಿರುವುದಿಲ್ಲ. ಮದುವೆಯಾದ ಗೆಳತಿಯ ಊರಿಗೆ ನಾಲ್ಕು ದಿನ ಹೋಗಬೇಕಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಆಗುತ್ತಲೇ ಇಲ್ಲ. ತವರಿನಲ್ಲಿ ತಮ್ಮನ ಮಗಳ ಮದುವೆಗೆ ಹಿಂದಿನ ದಿನವೇ ಹೋಗಿ ಉಳಿಯುವ ಆಸೆ. ಕಾಫಿ ಕುಯಿಲಿನ ಲೆಕ್ಕ ನೋಡಲು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಉಡುಗೊರೆ ಎಂದರೆ ಜನವರಿಯ ಒಂದು ವಾರ. ರಜೆ ಹಾಕಿ ಬಂದು, ಅಪ್ಪನ ಮಾತ್ರೆಯ ಡಬ್ಬಿಯನ್ನು ಅವಳಿಂದ ಕೈಗೆ ತೆಗೆದುಕೊಂಡು, ಬೆಳಿಗ್ಗೆಯದು ಯಾವುದು, ಊಟಕ್ಕೆ ಮೊದಲು ಯಾವುದು ಎಂದು ಬರೆದುಕೊಂಡು, ಕುಯಿಲಿನವರ ಹೆಸರು, ಅವರವರ ಕೂಲಿಯ ಲೆಕ್ಕ, ಹಾಲು ಹಾಕುವ ಮನೆ, ಗ್ಯಾಸಿನವನ ನಂಬರು ಕೇಳಿ ತಿಳಿದುಕೊಂಡು, ‘ಇನ್ನು ನೀನು ಹೊರಡು’ ಎನ್ನುವುದು. ಹೊರಡುವ ಮೊದಲು ಒಂದು ಪತ್ರವೂ ಇರಲಿ. ಕಳೆದ ಮಳೆಗಾಲದಲ್ಲಿ ಅಮ್ಮ ಬಿದ್ದಾಗ ರಾತ್ರಿ ಹನ್ನೊಂದಕ್ಕೆ ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನೀನು, ನಾನು ಬಂದದ್ದು ಮೂರು ದಿನದ ಮೇಲೆ ಎಂದು, ನಡೆದದ್ದನ್ನು ನಡೆದ ಹಾಗೆ, ತಾರೀಕಿನ ಸಮೇತ ಬರೆದ ಪತ್ರ. ಅತ್ತಿಗೆಯ ಹೆಸರಿಗೆ ಒಂದು, ಅಣ್ಣನ ಹೆಸರಿಗೆ ಇನ್ನೊಂದು.